ಕೈಗಂಟಿನ ಗದ್ಯ

೧

ವಿಮರ್ಶಕನ ಮೇಜಿಗೆ ಪುಸ್ತಕಗಳು ಬರುವ ದಾರಿ ಸಾಮಾನ್ಯವಾಗಿ ಎರಡು. ಪ್ರಕಾಶಕರು ಅಂಚೆಯಲ್ಲಿ ಕಳುಹಿಸುತ್ತಾರೆ. ಇಲ್ಲವೆ ಕವಿಗಳೇ ಮನೆಗೆ ಬಂದು, ಕಾಫಿ ಕುಡಿದು, ಕೊಟ್ಟುಹೋಗುತ್ತಾರೆ. ಈ ಸಲ ಮೂರನೆಯ ದಾರಿಯೊಂದು ತೆರೆಯಿತು. ನನ್ನ ತಂಗಿಯ ಮಗ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಏಳು ವರ್ಷ ದುಡಿದು, ಹೋದ ವರ್ಷ ರಾಜೀನಾಮೆ ಕೊಟ್ಟು, ಸ್ವಂತ ಕಸುಬು ಹಿಡಿದಿದ್ದಾನೆ. ಸಣ್ಣ ಮುದ್ರಣಾಲಯಗಳಿಗೆ ಬೇಕಾದ ತಂತ್ರಾಂಶವೊಂದನ್ನು ಅವನೊಬ್ಬನೇ ಬರೆಯುತ್ತಿದ್ದಾನೆ. ಬಂದ ಆರ್ಡರುಗಳು, ಕಾಗದದ ದಾಸ್ತಾನು, ಬಾಕಿ ಬರಬೇಕಾದ ಹಣ ಇವೆಲ್ಲವನ್ನೂ ಅದು ನೋಡಿಕೊಳ್ಳುತ್ತದೆಯಂತೆ. ಯಾರಿಂದಲೂ ಬಂಡವಾಳ ಪಡೆದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವನು ಎರಡು ಪುಸ್ತಕಗಳನ್ನೂ ಅಚ್ಚು ತೆಗೆದ ಪ್ರಬಂಧವೊಂದನ್ನೂ ನನ್ನ ಮುಂದಿಟ್ಟು, “ಮಾವ, ಕಾದಂಬರಿ ಓದಿ ಲೇಖಕ ಎಲ್ಲಿ ಸುಳ್ಳು ಹೇಳಿದ್ದಾನೆ ಅಂತ ಕ್ಲಾಸಿನಲ್ಲಿ ತೋರಿಸ್ತೀರಲ್ಲ, ಇವನ್ನೂ ಓದಿ ಹೇಳಿ. ಇವನ್ನೇ ನಂಬಿ ನಾನು ಕೆಲಸ ಬಿಟ್ಟಿದ್ದು” ಎಂದ.

ಅವನು ಹೋದ ಸಂಜೆಯೇ ತಂಗಿಯ ಫೋನು ಬಂತು. “ಅಣ್ಣ, ನಮ್ಮ ಮಾತು ಅವನು ಕೇಳಲ್ಲ, ನಿನ್ನ ಮಾತು ಕೇಳ್ತಾನೆ. ಆ ಪುಸ್ತಕಗಳೆಲ್ಲ ಬುರುಡೆ ಅಂತ ಒಂದು ಮಾತು ಹೇಳಿಬಿಡು. ಮತ್ತೆ ಕೆಲಸಕ್ಕೆ ಸೇರ್ತಾನೆ.”

ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ನನ್ನ ವಿಮರ್ಶೆಯಿಂದ ಯಾರ ಮನೆಯ ಒಲೆಯ ಉರಿಯೂ ಹೆಚ್ಚಿದ್ದಿಲ್ಲ, ತಗ್ಗಿದ್ದಿಲ್ಲ. ಒಂದು ಗದ್ಯಕೃತಿ ನಿಜ ಹೇಳುತ್ತಿದೆಯೇ ಎಂಬ ಪ್ರಶ್ನೆ ಒಂದು ಸಂಸಾರದ ಪ್ರಶ್ನೆಯಾಗಿ ಎದುರು ನಿಂತದ್ದು ಇದೇ ಮೊದಲು. ಹೀಗಾಗಿ ಎಂದಿಗಿಂತ ಎಚ್ಚರದಿಂದ ಓದಿದೆ. ಓದಿ ನನಗೆ ತೋರಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ. ನಾನು ವಾಣಿಜ್ಯ ಬಲ್ಲವನಲ್ಲ. ಈ ಬರಹಗಳನ್ನು ಬರಹಗಳಾಗಿಯೇ ನೋಡಿದ್ದೇನೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

೨

ಮೊದಲು ಶಬ್ದದ ವಿಚಾರ. ಹೊರಗಿನವರ ಬಂಡವಾಳವಿಲ್ಲದೆ ಕಂಪನಿ ಕಟ್ಟುವುದಕ್ಕೆ ಅಮೆರಿಕೆಯವರು ‘ಬೂಟ್‌ಸ್ಟ್ರ್ಯಾಪಿಂಗ್’ ಎನ್ನುತ್ತಾರೆ. ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂದು ಅದರ ಮೂಲಾರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮಾತು ಹುಟ್ಟಿದ್ದು ಹೊಗಳಿಕೆಗಲ್ಲ, ಗೇಲಿಗೆ. ತನ್ನ ಜುಟ್ಟನ್ನು ತಾನೇ ಹಿಡಿದು ಬಾವಿಯಿಂದ ಮೇಲೆ ಬಂದೆನೆಂದು ಹೇಳಿದರೆ ನಮ್ಮ ಊರಿನವರು ಹೇಗೆ ನಕ್ಕಾರೋ ಹಾಗೆ, ಆಗದ ಹೋಗದ ಕೆಲಸಕ್ಕೆ ಅಲ್ಲಿ ಈ ಮಾತು ಬಳಕೆಯಾಗುತ್ತಿತ್ತು. ಕಾಲಕ್ರಮದಲ್ಲಿ ಗೇಲಿ ಮರೆತುಹೋಗಿ ಅದೇ ಮಾತು ಸ್ವಾವಲಂಬನೆಯ ಪ್ರಶಂಸೆಯಾಯಿತು. ಗಣಕಯಂತ್ರ ‘ಬೂಟ್’ ಆಗುತ್ತದೆ ಎನ್ನುವುದೂ ಇದರಿಂದಲೇ ಬಂದದ್ದು: ಸಣ್ಣದೊಂದು ಕ್ರಮವಿಧಿ ಎಚ್ಚೆತ್ತು ತನಗಿಂತ ದೊಡ್ಡದನ್ನು ಎಬ್ಬಿಸುತ್ತದೆ. ಒಂದು ಶಬ್ದ ತನ್ನ ಹುಟ್ಟಿನಲ್ಲೇ ಇದ್ದ ಅನುಮಾನವನ್ನು ಕಳೆದುಕೊಂಡರೆ, ಆ ಅನುಮಾನವನ್ನು ಮತ್ತೆ ನೆನಪಿಸುವುದು ವಿಮರ್ಶಕನ ಪಾಲಿಗೆ ಬರುತ್ತದೆ.

ಕನ್ನಡದಲ್ಲಿ ಇದಕ್ಕೆ ನಾವು ಸರಳವಾಗಿ ‘ಕೈಯಿಂದ ಹಾಕುವುದು’ ಎನ್ನುತ್ತೇವೆ. “ಪುಸ್ತಕ ಅಚ್ಚು ಮಾಡಿಸೋದಕ್ಕೆ ಕೈಯಿಂದ ಹಾಕಿದ” ಎಂಬಲ್ಲಿ ಧೀರತನದ ಸುಳಿವಿಲ್ಲ, ಒಂದಿಷ್ಟು ಮರುಕವಿದೆ. ಎರಡು ಭಾಷೆಗಳ ನಡುವಣ ಈ ಅಂತರವನ್ನು ಮುಂದೆ ನೆನಪಿಟ್ಟುಕೊಳ್ಳಬೇಕು.

ಕಸುಬಿನ ಒಳಗುಟ್ಟು ಮಾತ್ರ ನಮಗೆ ಅಪರಿಚಿತವಲ್ಲ. ಈ ಬಗೆಯ ತಂತ್ರಾಂಶವನ್ನು ಒಂದೇ ಸಲ ಮಾರಿಬಿಡುವುದಿಲ್ಲ. ತಿಂಗಳಿಗಿಷ್ಟೆಂದು ಚಂದಾ ಪಡೆಯುತ್ತಾರೆ. ಚಂದಾ! ಅಡಿಗರ ‘ಸಾಕ್ಷಿ’ಯನ್ನೋ ಧಾರವಾಡದ ‘ಸಂಕ್ರಮಣ’ವನ್ನೋ ಕಂಡವರಿಗೆ ಈ ಶಬ್ದದ ಸುಖದುಃಖಗಳನ್ನು ಹೇಳಿಕೊಡಬೇಕಾಗಿಲ್ಲ. ಅಳಿಯ ಲೆಕ್ಕವನ್ನು ನನಗೆ ಹೀಗೆ ವಿವರಿಸಿದ: ತಿಂಗಳಿಗೆ ೫೦೦ ರೂಪಾಯಿಯಂತೆ ೧೦೦ ಮುದ್ರಣಾಲಯಗಳು ಕೊಟ್ಟರೆ ೫೦,೦೦೦ ರೂಪಾಯಿ, ಸಂಸಾರ ನಡೆಯುತ್ತದೆ. ಆದರೆ ಪ್ರತಿ ತಿಂಗಳೂ ಇದ್ದವರಲ್ಲಿ ನೂರಕ್ಕೆ ಐವರು ಬಿಟ್ಟುಹೋದರೆ ವರ್ಷದ ಕೊನೆಗೆ ಉಳಿಯುವವರು ೫೪. ನೂರನ್ನು ನೂರಾಗಿಯೇ ಉಳಿಸಬೇಕಾದರೆ ವರ್ಷಕ್ಕೆ ೬೦ ಹೊಸ ಗಿರಾಕಿಗಳನ್ನು ಹುಡುಕಬೇಕು. ಬಿಡುವವರು ಐವರ ಬದಲು ಇಬ್ಬರೇ ಆದರೆ ವರ್ಷದ ಕೊನೆಗೆ ೭೮ ಮಂದಿ ಉಳಿಯುತ್ತಾರೆ. ಐದಕ್ಕೂ ಎರಡಕ್ಕೂ ಇರುವ ವ್ಯತ್ಯಾಸವೇ ಒಬ್ಬನ ಬಾಳುವೆ. ಕರ್ನಾಟಕದ ಎಷ್ಟೋ ಸಾಹಿತ್ಯಪತ್ರಿಕೆಗಳು ನಿಂತದ್ದು ಒಳ್ಳೆಯ ಬರಹದ ಕೊರತೆಯಿಂದಲ್ಲ, ಈ ಐದರ ಲೆಕ್ಕದಿಂದ.

೩

ಅಳಿಯ ತಂದ ಪುಸ್ತಕಗಳಲ್ಲಿ ಮೊದಲನೆಯದು ‘ರೀವರ್ಕ್’. ಜೇಸನ್ ಫ್ರೀಡ್ ಮತ್ತು ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ಎಂಬಿಬ್ಬರು ಬರೆದು ೨೦೧೦ರಲ್ಲಿ ಹೊರತಂದದ್ದು. ಚಿಕಾಗೋ ನಗರದಲ್ಲಿ ೧೯೯೯ರಲ್ಲಿ ಹುಟ್ಟಿದ ‘ಥರ್ಟಿಸೆವೆನ್ ಸಿಗ್ನಲ್ಸ್’ ಅವರ ಕಂಪನಿ. ಮೊದಲು ಇತರರಿಗೆ ಜಾಲತಾಣಗಳ ವಿನ್ಯಾಸ ಮಾಡಿಕೊಡುತ್ತಿತ್ತು. ಆ ಕೆಲಸಗಳ ಮೇಲ್ವಿಚಾರಣೆಗೆಂದು ತಮಗೇ ಒಂದು ಸಾಧನ ಬೇಕಾಗಿ, ‘ಬೇಸ್‌ಕ್ಯಾಂಪ್’ ಎಂಬುದನ್ನು ಕಟ್ಟಿ ೨೦೦೪ರಲ್ಲಿ ಮಾರಾಟಕ್ಕಿಟ್ಟರು. ಅದನ್ನು ಕಟ್ಟುವಾಗ ಹ್ಯಾನ್ಸನ್ ಅವರು ಮಾಡಿಕೊಂಡ ಸಲಕರಣೆಗಳೇ ‘ರೂಬಿ ಆನ್ ರೈಲ್ಸ್’ ಎಂಬ ಹೆಸರಿನಲ್ಲಿ ಲೋಕಕ್ಕೆ ಉಚಿತವಾಗಿ ದೊರೆತವು. ಇಷ್ಟನ್ನು ಹೊರಗಿನ ಬಂಡವಾಳಗಾರರ ಹಣವಿಲ್ಲದೆ ಸಾಧಿಸಿದೆವೆಂಬುದು ಅವರ ಹೆಮ್ಮೆ. ಆ ಹೆಮ್ಮೆಗೆ ಆಧಾರವೂ ಇದೆ.

ಪುಸ್ತಕದ ರೂಪ ಗಮನಾರ್ಹ. ಒಂದೆರಡು ಪುಟಕ್ಕೆ ಮೀರದ ತುಣುಕುಗಳು, ಪ್ರತಿಯೊಂದಕ್ಕೂ ಒಂದು ದಿಟ್ಟ ತಲೆಬರಹ, ಜೊತೆಗೆ ಕಪ್ಪುಶಾಯಿಯ ಚಿತ್ರಗಳು. ಯೋಜನೆ ಎಂದರೆ ಊಹೆ. ರಾತ್ರಿಯೆಲ್ಲ ದುಡಿಯುವುದು ಶೂರತನವಲ್ಲ, ದಡ್ಡತನ. ಸಭೆಗಳು ಹೊತ್ತಿಗೆ ವಿಷ. ಪರರ ಹಣಕ್ಕೆ ಕೈಯೊಡ್ಡುವುದು ಕಟ್ಟಕಡೆಯ ಉಪಾಯವಾಗಿರಲಿ—ಹೀಗೆ ಸಾಗುತ್ತದೆ ಉಪದೇಶ. ಓದುತ್ತ ಹೋದಂತೆ ನನಗೆ ಇದು ವಾಣಿಜ್ಯಶಾಸ್ತ್ರದ ಗ್ರಂಥವಲ್ಲ, ನೀತಿಶತಕಗಳ ಜಾತಿಗೆ ಸೇರಿದ್ದು ಎನ್ನಿಸಿತು. ನಮ್ಮ ಸೋಮೇಶ್ವರ ಶತಕದ ಹಾಗೆ, ಸರ್ವಜ್ಞನ ತ್ರಿಪದಿಗಳ ಹಾಗೆ, ಇಲ್ಲಿ ಪ್ರತಿ ತುಣುಕೂ ಸ್ವತಂತ್ರ. ಎಲ್ಲಿ ಬೇಕಾದರೂ ತೆರೆದು ಓದಬಹುದು. ಓದಿದೊಡನೆ ತಲೆ ಹೌದೆನ್ನುತ್ತದೆ.

ಈ ಜಾತಿಯ ಗುಣಗಳೆಲ್ಲ ಇದರಲ್ಲಿವೆ. ಮಾತು ಚಿಕ್ಕದು, ಸ್ಪಷ್ಟ. ದೊಡ್ಡದಾಗುವುದೇ ಬೆಳವಣಿಗೆ ಎಂಬ ಮೂಢನಂಬಿಕೆಯನ್ನು ಇಷ್ಟು ಹಸನಾಗಿ ಹಾಸ್ಯಮಾಡಿದ ಗದ್ಯ ಇತ್ತೀಚೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಹತ್ತು ಜನರ ಕಂಪನಿ ಹತ್ತು ಜನರದ್ದಾಗಿಯೇ ಉಳಿಯುವುದರಲ್ಲಿ ನಾಚಿಕೆಯೇನು ಎಂಬ ಅವರ ಪ್ರಶ್ನೆ, ಪ್ರತಿ ಬೀದಿಯಲ್ಲೂ ‘ಮುಂದಿನ ದೊಡ್ಡ ಕಂಪನಿ’ ಹುಟ್ಟುತ್ತಿದೆಯೆಂದು ನಂಬುವ ಬೆಂಗಳೂರಿಗೆ ಆರೋಗ್ಯಕರ.

ದೋಷಗಳೂ ಅದೇ ಜಾತಿಯವು. ನೀತಿಪದ್ಯಕ್ಕೆ ಕಾಲದೇಶಗಳಿರುವುದಿಲ್ಲ. ಹೇಳುವವನು ಹೇಳುವ ಹೊತ್ತಿಗೆ ಎಲ್ಲಿ ಕುಳಿತಿದ್ದಾನೆ ಎಂಬುದು ಪದ್ಯದೊಳಗೆ ಕಾಣದು. ಫ್ರೀಡ್ ಮತ್ತು ಹ್ಯಾನ್ಸನ್ ಎಲ್ಲಿ ಕುಳಿತಿದ್ದರು? ೨೦೦೬ರಲ್ಲಿ ಅಮೆಜಾನಿನ ಜೆಫ್ ಬೆಜೋಸ್ ಅವರ ಕಂಪನಿಯ ಸಣ್ಣ ಪಾಲೊಂದನ್ನು ಕೊಂಡರು. ಆ ಹಣ ಕಂಪನಿಯ ಖರ್ಚಿಗಲ್ಲ, ತಮ್ಮ ಪಾಲನ್ನು ಮಾರಿದ ಇವರಿಬ್ಬರ ಕೈಗೇ ಬಂತು. ಆಡಳಿತದ ಹಿಡಿತವೂ ಇವರಲ್ಲೇ ಉಳಿಯಿತು. ಇದರಲ್ಲಿ ತಪ್ಪೇನೂ ಇಲ್ಲ. ಕಂಪನಿ ನಡೆದದ್ದು ಗಿರಾಕಿಗಳ ಹಣದಿಂದಲೇ ಎಂಬುದಕ್ಕೂ ಬಾಧಕವಿಲ್ಲ. ಆದರೆ ಮನೆಯ ಚಿಂತೆ ತೀರಿದವನು ‘ಹೆದರಬೇಡ’ ಎನ್ನುವುದಕ್ಕೂ, ಮುಂದಿನ ತಿಂಗಳ ಬಾಡಿಗೆ ತಿಳಿಯದವನು ಹಾಗೆನ್ನುವುದಕ್ಕೂ ಸ್ವರದಲ್ಲಿ ವ್ಯತ್ಯಾಸವಿದೆ. ‘ರೀವರ್ಕ್’ನ ಧೀರಸ್ವರವನ್ನು ಈ ಸಂಗತಿಯೊಡನೆ ಸೇರಿಸಿ ಓದುವುದು ನ್ಯಾಯ.

ಇನ್ನೊಂದು ಮಾತು, ವ್ಯಾಕರಣದ್ದು. ಪುಸ್ತಕದ ಉದ್ದಕ್ಕೂ ‘ನಾವು’ ಎಂಬ ಸರ್ವನಾಮ ಮಾತಾಡುತ್ತದೆ. ತಮಿಳು, ತೆಲುಗು, ತುಳು ಭಾಷೆಗಳಲ್ಲಿ ‘ನಾವು’ ಎರಡು ಬಗೆ: ಕೇಳುವವನನ್ನೂ ಒಳಗೊಂಡದ್ದು ಒಂದು, ಅವನನ್ನು ಹೊರಗಿಟ್ಟದ್ದು ಒಂದು. ಇಂಗ್ಲಿಷಿಗೂ ಇಂದಿನ ಕನ್ನಡಕ್ಕೂ ಆ ಸೌಕರ್ಯವಿಲ್ಲ. ಹೀಗಾಗಿ ‘ನಾವು ಸ್ವತಂತ್ರರು’ ಎಂದಾಗ ಅದು ಒಡೆಯರಿಬ್ಬರೋ, ದುಡಿಯುವವರೂ ಸೇರಿಯೋ ತಿಳಿಯುವುದಿಲ್ಲ. ಪುಸ್ತಕ ಬಿಟ್ಟುಕೊಡದ ಉತ್ತರವನ್ನು ೨೦೨೧ರ ಏಪ್ರಿಲ್ ಕೊಟ್ಟಿತು. ಕಂಪನಿಯ ಒಳಗಿನ ಬರಹವ್ಯವಹಾರದಲ್ಲಿ ಸಮಾಜ, ರಾಜಕೀಯಗಳ ಚರ್ಚೆ ಕೂಡದೆಂದು ಒಡೆಯರು ಗೊತ್ತುಮಾಡಿದರು. ಕೆಲವೇ ದಿನಗಳಲ್ಲಿ ನೌಕರರಲ್ಲಿ ಮೂರನೆಯ ಒಂದು ಪಾಲಿನಷ್ಟು ಜನ ಕೆಲಸ ಬಿಟ್ಟರು. ಆ ಕಟ್ಟಳೆ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಸ್ವಂತ ಹಣದ ಕಂಪನಿಯಲ್ಲಿ ಒಡೆಯ ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂಬ ಮಾತಿಗೆ ಎರಡು ಮುಖವುಂಟೆಂದು ಮಾತ್ರ ಅದರಿಂದ ತಿಳಿಯುತ್ತದೆ. ಆ ಎರಡನೆಯ ಮುಖ ಸೂತ್ರಗಳಲ್ಲಿ ಕಾಣುವುದಿಲ್ಲ.

ಎರಡನೆಯ ಪುಸ್ತಕ ಜೆಸಿಕಾ ಲಿವಿಂಗ್‌ಸ್ಟನ್ ಅವರ ‘ಫೌಂಡರ್ಸ್ ಅಟ್ ವರ್ಕ್’, ೨೦೦೭ರದು. ಇದು ಸಂದರ್ಶನಗಳ ಸಂಗ್ರಹ. ಇದೇ ಹ್ಯಾನ್ಸನ್ ಅವರ ಮಾತೂ ಇದರಲ್ಲಿದೆ. ಒಂದೇ ಕೈಯ ಸೂತ್ರವನ್ನೂ ಅದೇ ಬಾಯಿಯ ಸಂಭಾಷಣೆಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಪ್ರಶ್ನೋತ್ತರದ ಲಾಭ ತಿಳಿಯುತ್ತದೆ. ಇತರರ ಕೆಲಸ ಮಾಡಿಕೊಟ್ಟು ಬಂದ ಹಣ ಸ್ವಂತ ಕೆಲಸಕ್ಕೆ ಹೇಗೆ ಹೊತ್ತು ಕೊಂಡುಕೊಟ್ಟಿತು ಎಂಬಂಥ ಸಣ್ಣ ಸಂಗತಿಗಳು ಪ್ರಶ್ನೆ ಕೇಳಿದಾಗ ಹೊರಬೀಳುತ್ತವೆ. ಸೂತ್ರ ಬರೆಯಲು ಕುಳಿತಾಗ ಜಾರಿಹೋಗುತ್ತವೆ.

೪

ಮೂರನೆಯದು ಪ್ರಬಂಧ. ಸಾಹಿಲ್ ಲವಿಂಗಿಯಾ ಎಂಬ ತರುಣರು ೨೦೧೯ರಲ್ಲಿ ಪ್ರಕಟಿಸಿದ್ದು. ನೂರು ಕೋಟಿ ಡಾಲರಿನ ಕಂಪನಿಯನ್ನು ಕಟ್ಟಹೋಗಿ ತಾನು ಸೋತ ಬಗೆ ಎಂದು ತಲೆಬರಹವೇ ಒಪ್ಪಿಕೊಳ್ಳುತ್ತದೆ.

ಲವಿಂಗಿಯಾ ಅವರು ೨೦೧೧ರಲ್ಲಿ, ಇಪ್ಪತ್ತೂ ತುಂಬದ ವಯಸ್ಸಿನಲ್ಲಿ, ಒಳ್ಳೆಯ ಕೆಲಸ ಬಿಟ್ಟು ‘ಗಮ್‌ರೋಡ್’ ಎಂಬುದನ್ನು ಕಟ್ಟಿದರು. ಬರೆಯುವವರು, ಚಿತ್ರ ಬಿಡಿಸುವವರು, ಹಾಡುವವರು ತಮ್ಮ ಕೃತಿಯನ್ನು ನಡುವಿನವರಿಲ್ಲದೆ ನೇರವಾಗಿ ಕೊಳ್ಳುವವರಿಗೆ ಮಾರಲು ಒಂದು ಕಟ್ಟೆ ಅದು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಕಥೆ ಬಲ್ಲ ಕನ್ನಡಿಗರಿಗೆ ಈ ಕಟ್ಟೆಯ ಅಗತ್ಯ ಕೂಡಲೇ ಅರ್ಥವಾಗುತ್ತದೆ. ಆದರೆ ಲವಿಂಗಿಯಾ ಹಿಡಿದದ್ದು ಸ್ವಂತ ಗಂಟಿನ ದಾರಿಯಲ್ಲ. ಬಂಡವಾಳಗಾರರಿಂದ ಸುಮಾರು ೮೦ ಲಕ್ಷ ಡಾಲರ್ ಪಡೆದರು.

ಇಂಥ ಹಣದ ಸ್ವಭಾವವನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಬಂಡವಾಳಗಾರ ಹತ್ತಾರು ಕಡೆ ಹಣ ಹೂಡುತ್ತಾನೆ. ಬಹುಪಾಲು ಮುಳುಗುತ್ತವೆಂದು ಅವನಿಗೆ ಗೊತ್ತು. ತೇಲಿದ ಒಂದೆರಡು ಉಳಿದೆಲ್ಲದರ ನಷ್ಟವನ್ನು ತುಂಬಿ ಮೇಲೆ ಲಾಭ ತರಬೇಕು. ಅದರಿಂದಲೇ ಸಾಧಾರಣ ಲಾಭದ ಕಂಪನಿ ಅವನ ಲೆಕ್ಕದಲ್ಲಿ ಸೋಲು. ನಮ್ಮ ಕಿರಾಣಿ ಅಂಗಡಿಯ ಶೆಟ್ಟರು ಯಾವುದನ್ನು ಗೆಲುವೆನ್ನುತ್ತಾರೋ ಅದಕ್ಕೆ ಅಲ್ಲಿ ಬೆಲೆಯಿಲ್ಲ.

ಗಮ್‌ರೋಡ್ ಬೆಳೆಯಿತು, ಸಾಲುವಷ್ಟು ವೇಗದಲ್ಲಿ ಬೆಳೆಯಲಿಲ್ಲ. ೨೦೧೫ರಲ್ಲಿ ಇಪ್ಪತ್ತು ಮಂದಿಯಲ್ಲಿ ಐವರನ್ನುಳಿಸಿ ಮಿಕ್ಕವರನ್ನು ಕಳುಹಿಸಬೇಕಾಯಿತು. ಕೊನೆಗೆ ಅವರೊಬ್ಬರೇ ಉಳಿದರು. ದೊಡ್ಡ ಬಂಡವಾಳಗಾರ ಸಂಸ್ಥೆಯೊಂದು ತನ್ನ ಪಾಲನ್ನು ಒಂದು ಡಾಲರಿಗೆ ಹಿಂದಕ್ಕೆ ಮಾರಿ ಕೈತೊಳೆದುಕೊಂಡಿತು. ಲವಿಂಗಿಯಾ ಸ್ಯಾನ್‌ಫ್ರಾನ್ಸಿಸ್ಕೋ ಬಿಟ್ಟು ಯೂಟಾ ರಾಜ್ಯದ ಪ್ರೋವೊ ಎಂಬ ಊರಿಗೆ ಹೋಗಿ, ಕಥೆ ಬರೆಯುವುದನ್ನೂ ಚಿತ್ರ ಬಿಡಿಸುವುದನ್ನೂ ಕಲಿಯತೊಡಗಿದರು. ಅಷ್ಟರಲ್ಲಿ ಕಂಪನಿ ತನ್ನ ಗಳಿಕೆಯಿಂದ ತಾನೇ ನಡೆಯತೊಡಗಿತ್ತು. ಬೇಡಿ ಪಡೆದ ಹಣದಿಂದ ಸಿಗದ ಸ್ವಾತಂತ್ರ್ಯ, ಆ ಹಣ ಕೈಬಿಟ್ಟ ಮೇಲೆ ದೊರೆಯಿತು.

ಗದ್ಯವಾಗಿ ಈ ಪ್ರಬಂಧ ‘ರೀವರ್ಕ್’ಗಿಂತ ಮೇಲಿನದೆಂದು ನನ್ನ ತೀರ್ಮಾನ. ಇಲ್ಲಿ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ನಾಚಿಕೆಯಾಗಿದೆ, ಆ ನಾಚಿಕೆಯನ್ನು ಅವನು ಪಾಠವಾಗಿ ಬದಲಾಯಿಸುವ ಆತುರ ತೋರಿಸುವುದಿಲ್ಲ. ಕಳುಹಿಸಿಕೊಟ್ಟ ನೌಕರರ ಮುಂದೆ, ಹಣ ಕೊಟ್ಟವರ ಮುಂದೆ, ಸ್ನೇಹಿತರ ಮುಂದೆ ತಾನು ಹೇಗೆ ಕುಗ್ಗಿದೆನೆಂಬುದು ಸಂಗತಿಗಳ ಮೂಲಕ ಬರುತ್ತದೆ. ನಮ್ಮಲ್ಲಿ ಕಾರಂತರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಬರೆದಾಗ ಓದುಗರಿಗೆ ಹಿಡಿಸಿದ್ದು ಅವರ ಗೆಲುವುಗಳಷ್ಟೇ ಅಲ್ಲ, ಕೈಹಾಕಿ ಕೆಟ್ಟ ಕೆಲಸಗಳ ನಿಸ್ಸಂಕೋಚವಾದ ವರದಿ. ಆತ್ಮಕಥನಕ್ಕೆ ಇದಕ್ಕಿಂತ ಬೇರೆ ಪ್ರಮಾಣಪತ್ರವಿಲ್ಲ.

ಹಾಗೆಂದು ಈ ಕಥೆಯೂ ಪೂರ್ತಿ ಅಲ್ಲ. ೨೦೨೧ರಲ್ಲಿ ಲವಿಂಗಿಯಾ ಸಣ್ಣ ಉದ್ಯಮದ ಹಿರಿಮೆಯನ್ನು ಸಾರುವ ಪುಸ್ತಕ ಬರೆದರು. ಅದೇ ವರ್ಷ ಸಾರ್ವಜನಿಕರಿಂದ ೫೦ ಲಕ್ಷ ಡಾಲರ್ ಬಂಡವಾಳವನ್ನೂ ಎತ್ತಿದರು. ಪ್ರಬಂಧದ ಆ ಪಶ್ಚಾತ್ತಾಪದ ಧ್ವನಿ ಪುಸ್ತಕಕ್ಕೆ ಬರುವ ಹೊತ್ತಿಗೆ ಉಪದೇಶದ ಧ್ವನಿಗೆ ತಿರುಗಿದೆ. ಸೋತವನು ಬರೆದ ಹತ್ತು ಪುಟ, ಗೆದ್ದವನು ಬರೆದ ಇನ್ನೂರು ಪುಟಗಳಿಗಿಂತ ತೂಕವಾಗಿದೆ. ಇಬ್ಬರೂ ಒಬ್ಬನೇ ಆಗಿದ್ದರೂ.

೫

ಇಲ್ಲಿ ನನ್ನ ಮನೆಯ ವಿಷಯವೊಂದನ್ನು ಹೇಳಿದರೆ ವಾಚಕರು ಕ್ಷಮಿಸಬೇಕು.

ನನ್ನ ತಂದೆ ತಾಲ್ಲೂಕು ಊರೊಂದರಲ್ಲಿ ಶಾಲಾಮಾಸ್ತರರು. ೧೯೮೬ರಲ್ಲಿ ತಮ್ಮ ಕವಿತೆಗಳ ಸಂಕಲನವೊಂದನ್ನು ‘ಸ್ವಂತ ಖರ್ಚಿನಲ್ಲಿ’ ಅಚ್ಚು ಹಾಕಿಸಿದರು, ಐನೂರು ಪ್ರತಿ. ಮುನ್ನೂರಕ್ಕೂ ಮೇಲೆ ನಮ್ಮ ಮಂಚದ ಕೆಳಗೆ ಉಳಿದವು. ನಾನು ಅಕ್ಷರ ತಿದ್ದಿದ್ದು ಅವುಗಳ ರಟ್ಟಿನ ಮೇಲೆ. ಪುಸ್ತಕದ ಅರಿಕೆಯಲ್ಲಿ ಮುನ್ನುಡಿ ಬರೆದ ಕವಿಗಳಿಗೆ, ಮುದ್ರಕರಿಗೆ, ಮುಖ್ಯೋಪಾಧ್ಯಾಯರಿಗೆ, ಕರಡು ತಿದ್ದಿದ ಗೆಳೆಯರಿಗೆ ಕೃತಜ್ಞತೆಯಿದೆ. ಸಹಕಾರಿ ಸಂಘದಲ್ಲಿ ಅಡವಿಟ್ಟು, ಮತ್ತೆ ಬಿಡಿಸದೆ ಹೋದ ನನ್ನ ತಾಯಿಯ ನಾಲ್ಕು ಬಳೆಗಳ ಮಾತಿಲ್ಲ. ತಂದೆ ಕೃತಘ್ನರಲ್ಲ. ಅವರ ದೃಷ್ಟಿಯಲ್ಲಿ ಅದು ‘ಸ್ವಂತ’ ಹಣವೇ. ಸ್ವಂತದವರಿಗೆ ಯಾರಾದರೂ ಕೃತಜ್ಞತೆ ಹೇಳುತ್ತಾರೆಯೇ? ತಾಯಿಯೂ ಆ ಮಾತನ್ನು ಎತ್ತಲಿಲ್ಲ. ಆದರೆ ಮದುವೆಯ ಮನೆಗಳಿಗೆ ಹೋಗುವಾಗ ಕೈಗೆ ಸೆರಗು ಸುತ್ತಿಕೊಳ್ಳುತ್ತಿದ್ದರು. ಅದು ನನಗೆ ಅರ್ಥವಾದದ್ದು ಎಂ.ಎ. ಓದುವಾಗ.

ಈ ಮೂರೂ ಬರಹಗಳಲ್ಲಿ ನಾನು ಹುಡುಕಿದ್ದು ಆ ಬಳೆಗಳನ್ನು. ‘ಸ್ವಂತ ಹಣ’ ಎಂಬಲ್ಲಿ ಸ್ವಂತದ ಗಡಿ ಎಲ್ಲಿ? ಮೊದಲ ಚಂದಾ ಬರುವವರೆಗೆ ಅನ್ನ ಹಾಕಿದವರು ಯಾರು? ಈ ಪ್ರಶ್ನೆಗೆ ಸೂತ್ರಕಾರರಲ್ಲಿ ಉತ್ತರ ತೆಳು. ಪ್ರಬಂಧಕಾರನಲ್ಲಿ ಸ್ವಲ್ಪ ಹೆಚ್ಚು. ತೃಪ್ತಿಯಾಗುವಷ್ಟು ಎಲ್ಲೂ ಇಲ್ಲ. ಇದು ಆ ಲೇಖಕರ ದೋಷ ಎನ್ನುವುದಕ್ಕಿಂತ ಪ್ರಕಾರದ ದೋಷ ಎನ್ನಬೇಕು. ಉದ್ಯಮಕಥನದ ನಾಯಕ ಒಬ್ಬಂಟಿ. ಅವನ ಮನೆಗೆ ಅಡುಗೆಮನೆಯಿಲ್ಲ.

ನಮ್ಮ ನೆಲದ ಕಥೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನನ್ನ ತಂದೆಯ ಸಂಕಲನ ಅಚ್ಚಾದ ಅದೇ ೧೯೮೬ರಲ್ಲಿ ಬೆಂಗಳೂರಿನಲ್ಲಿ ‘ಟ್ಯಾಲಿ’ ಹುಟ್ಟಿತು. ಇಂದು ಅಂಗಡಿಗಳ ಲೆಕ್ಕ ಬರೆಯುವವರಿಗೆಲ್ಲ ಗೊತ್ತಿರುವ ಹೆಸರು. ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡಲು ಒಗ್ಗುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಬರೆದುಕೊಟ್ಟರು. ತಂದೆಮಕ್ಕಳು ‘ಪ್ಯೂಟ್ರಾನಿಕ್ಸ್’ ಎಂಬ ಹೆಸರಿನಲ್ಲಿ ಅದನ್ನು ಮಾರಿದರು. ತನಗೆ ಬೇಕಾದದ್ದನ್ನು ತಾನೇ ಮಾಡಿಕೊಂಡು ಆಮೇಲೆ ಲೋಕಕ್ಕೆ ಮಾರು ಎಂಬ ಚಿಕಾಗೋದ ಸೂತ್ರವನ್ನು ಇವರು ಹದಿನೆಂಟು ವರ್ಷ ಮೊದಲೇ ಆಚರಿಸಿದ್ದರು. ಇಲ್ಲಿ ಮಗನ ಮೊದಲ ಗಿರಾಕಿ ತಂದೆ. ಈ ಕಥೆಯನ್ನು ‘ಸ್ವಯಂ’ ಎಂಬ ಪೂರ್ವಪದ ಹಚ್ಚಿ ಹೇಳಲು ಬರುವುದಿಲ್ಲ.

‘ಬರಹ’ದ ಕಥೆ ಇನ್ನೊಂದು ಬಗೆ. ಅಮೆರಿಕೆಯಲ್ಲಿದ್ದ ಕನ್ನಡಿಗರಾದ ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ಈ ತಂತ್ರಾಂಶದಿಂದ ಕನ್ನಡಿಗರ ಒಂದು ತಲೆಮಾರು ಗಣಕದಲ್ಲಿ ತಾಯ್ನುಡಿಯನ್ನು ಬರೆಯಲು ಕಲಿತಿತು. ನನ್ನ ಸಂಶೋಧನೆಯ ಟಿಪ್ಪಣಿಗಳೆಲ್ಲ ಅದರಲ್ಲೇ ಆದವು. ಬಹಳ ವರ್ಷ ಅದು ಉಚಿತವಾಗಿತ್ತು. ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಬೆಲೆ ಬಂದ ದಿನ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಗೊಣಗಾಟ ನಡೆಯಿತು. ನಾನೂ ಗೊಣಗಿದವರಲ್ಲಿ ಒಬ್ಬ. ಅಷ್ಟು ವರ್ಷಗಳ ರಾತ್ರಿಗಳನ್ನು ಆ ಮನುಷ್ಯ ಯಾವ ಗಂಟಿನಿಂದ ತೆಗೆದು ನಮಗೆ ಕೊಟ್ಟರೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಪುಸ್ತಕ ಬರೆದವರ ಮೌನವನ್ನು ಆಡಿಕೊಳ್ಳುವಾಗ ಓದುಗರಾದ, ಬಳಕೆದಾರರಾದ ನಮ್ಮ ಮೌನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೆಂಗಳೂರಿನ ‘ಜೆರೋಧಾ’ ೨೦೧೦ರಲ್ಲಿ ನಿತಿನ್ ಕಾಮತ್ ಅವರು ಆರಂಭಿಸಿದ ಷೇರು ವ್ಯವಹಾರದ ಸಂಸ್ಥೆ. ಹೊರಗಿನ ಬಂಡವಾಳ ಪಡೆಯದೆ ದೊಡ್ಡದಾಗಿ ಬೆಳೆದದ್ದಕ್ಕೆ ಎಲ್ಲರೂ ಕೊಡುವ ಉದಾಹರಣೆ. ‘ಜೀರೋ’ ಎಂಬ ಇಂಗ್ಲಿಷ್ ಶಬ್ದಕ್ಕೆ ನಮ್ಮ ‘ರೋಧ’ವನ್ನು ಕೂಡಿಸಿ ಮಾಡಿದ ಹೆಸರು, ಅಡ್ಡಿಯಿಲ್ಲ ಎಂದು ಅರ್ಥ. ಇಂಥ ಸಮಾಸಕ್ಕೆ ನಮ್ಮ ಹಳೆಯ ಪಂಡಿತರು ಅರಿಸಮಾಸವೆಂದು ಮುಖ ಸಿಂಡರಿಸುತ್ತಿದ್ದರೇನೋ, ನನಗೆ ಹಿಡಿಸಿತು. ಆದರೆ ಒಬ್ಬಂಟಿಯಾಗಿ ನೂರು ಮುದ್ರಣಾಲಯಗಳ ಹಿಂದೆ ಅಲೆಯುವ ನನ್ನ ಅಳಿಯನಂಥವರಿಗೆ ಇದು ದೂರದ ಬೆಟ್ಟ. ಬೆಟ್ಟವನ್ನು ತೋರಿಸಿ ದಿನ್ನೆ ಹತ್ತುವವನಿಗೆ ಧೈರ್ಯ ಹೇಳಬಹುದು, ದಾರಿ ಹೇಳಲಾಗುವುದಿಲ್ಲ.

೬

ತಿಂಗಳ ಮೇಲೆ ಅಳಿಯ ಮತ್ತೆ ಬಂದ. ನಾನು ನನ್ನ ಟಿಪ್ಪಣಿಗಳನ್ನು ಓದಿ ಹೇಳಿದೆ: ಮೊದಲ ಪುಸ್ತಕ ಸುಳ್ಳಲ್ಲ, ಅರ್ಧ ನಿಜ, ಉಳಿದರ್ಧವನ್ನು ಓದುವವನೇ ತನ್ನ ಮನೆಯಲ್ಲಿ ಹುಡುಕಬೇಕು. ಎರಡನೆಯದು ಉಪಯುಕ್ತ. ಮೂರನೆಯ ಪ್ರಬಂಧ ಒಳ್ಳೆಯ ಗದ್ಯ, ಮತ್ತೆ ಮತ್ತೆ ಓದು. ಅವನಿಗೆ ಸಂತೋಷವೂ ಆಗಲಿಲ್ಲ, ಬೇಸರವೂ ಆಗಲಿಲ್ಲ.

“ಎಂಟು ತಿಂಗಳಾಯ್ತು ಮಾವ, ಒಂದು ರೂಪಾಯಿ ಯಾರ ಹತ್ತಿರವೂ ತಗೊಂಡಿಲ್ಲ” ಎಂದ.

“ಎಂಟು ತಿಂಗಳ ಮನೆ ಬಾಡಿಗೆ ಎಲ್ಲಿಂದ ಬಂತು?”

“ಅದು... ಅವಳ ಸಂಬಳದಿಂದ.” ಅವನ ಹೆಂಡತಿಗೆ ಬ್ಯಾಂಕಿನಲ್ಲಿ ಕೆಲಸ.

“ನಿನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನ ಬರೆದಿದ್ದೀಯ?”

ಅವನು ಮಾತಾಡಲಿಲ್ಲ. ಮುದ್ರಣಾಲಯಗಳ ಬಾಕಿಯನ್ನು ಪೈಸೆ ಬಿಡದೆ ಲೆಕ್ಕ ಇಡುವ ತಂತ್ರಾಂಶ ಬರೆದವನು ಅವನು. ತನ್ನ ಮನೆಯ ಬಾಕಿಗೆ ಅದರಲ್ಲಿ ಕಲಂ ಇರಲಿಲ್ಲ. “ಅದನ್ನು ಬರೆ” ಎಂದೆ. “ಬಂಡವಾಳ ಹಾಕಿದವರ ಪಟ್ಟಿಯಲ್ಲಿ ಮೊದಲ ಹೆಸರು ಅವಳದ್ದು. ಎಷ್ಟು ತಿಂಗಳು ಇನ್ನೂ ಹಾಕಬಲ್ಲಳು ಅಂತ ಅವಳನ್ನೇ ಕೇಳು. ಅವಳು ಹೇಳಿದ ಅವಧಿ ಮುಗಿಯೋವರೆಗೆ ದುಡಿ. ಮುಗಿದ ಮೇಲೆ ನೂರು ಗಿರಾಕಿ ಆಗಿರದಿದ್ದರೆ ಕೆಲಸ ಹುಡುಕು. ಇದನ್ನ ಹೇಳೋದಕ್ಕೆ ವಿಮರ್ಶಕ ಬೇಕಾಗಿರಲಿಲ್ಲ.”

ಅವಳು ಹನ್ನೆರಡು ತಿಂಗಳೆಂದಳಂತೆ. ಈಗ ಮೂವತ್ತೊಂದು ಮುದ್ರಣಾಲಯಗಳು ಚಂದಾ ಕೊಡುತ್ತಿವೆ, ಬಿಟ್ಟುಹೋದವು ಮೂರು. ಇದರಿಂದ ಏನು ತಿಳಿಯಬೇಕೋ ನನಗೆ ತಿಳಿಯದು. ವರ್ಷ ಇನ್ನೂ ಮುಗಿದಿಲ್ಲ.

ಸಾಹಿತ್ಯದ ಕಡೆಯಿಂದ ಮಾತ್ರ ಒಂದು ಬಿನ್ನಹವಿದೆ. ಕನ್ನಡದಲ್ಲಿ ವಕೀಲರು, ವೈದ್ಯರು, ಹೋಟೆಲಿನವರು, ರಂಗಭೂಮಿಯವರು ತಮ್ಮ ಬಾಳನ್ನು ಬರೆದಿದ್ದಾರೆ. ಸ್ವಂತ ಗಂಟಿನಿಂದ ತಂತ್ರಾಂಶದ ಕಸುಬು ಕಟ್ಟುತ್ತಿರುವ ತರುಣ ತರುಣಿಯರು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿ ಮಂಗಳೂರುಗಳಲ್ಲಿ ಇದ್ದಾರೆ. ಅವರಲ್ಲಿ ಒಬ್ಬರಾದರೂ ಗೆಲ್ಲುವುದಕ್ಕೆ ಮೊದಲೇ ಬರೆಯತೊಡಗಲಿ. ಸೂತ್ರ ಬೇಡ. ಯಾವ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು, ಯಾರು ಬಿಟ್ಟರು, ಯಾರ ಸಂಬಳದಲ್ಲಿ ಅಕ್ಕಿ ಬಂತು, ಇಷ್ಟನ್ನು ನೇರವಾಗಿ ಬರೆದರೂ ಒಂದು ಒಳ್ಳೆಯ ಹೊತ್ತಗೆಯಾದೀತು. ಅದರ ಅರಿಕೆಯ ಪುಟವನ್ನು ನಾನು ಎಲ್ಲಕ್ಕಿಂತ ಮೊದಲು ಓದುತ್ತೇನೆ.

ತಂಗಿ ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. “ಬುರುಡೆ ಅಂತ ಒಂದು ಮಾತು ಹೇಳು ಅಂದ್ರೆ, ಕೂತು ವಿಮರ್ಶೆ ಮಾಡಿದ್ಯಲ್ಲ ಅಣ್ಣ” ಎಂದಳು. ಅವಳ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿಲ್ಲ.